ಸ್ವಾಗತ ಭಾಷಣದಲ್ಲಿ ದೇವರೊಬ್ಬನೇ ಗೈರುಹಾಜರು

ಇವತ್ತು ನಮ್ಮ ವಿಶ್ವವಿದ್ಯಾಲಯದಲ್ಲಿ ಹೊಸ ಶೈಕ್ಷಣಿಕ ವರ್ಷದ ಸ್ವಾಗತ ಸಮಾರಂಭ. ಭಾಷಣದಲ್ಲಿ ರ‍್ಯಾಂಕಿಂಗ್ ಬಂತು. ಹೊಸ ಕಟ್ಟಡ ಬಂತು. ಡ್ರೋನ್ ಹಾರಿಸಿ ತೆಗೆದ ವಿಡಿಯೋ ಬಂತು. ಕೃತಕ ಬುದ್ಧಿಮತ್ತೆಯ ಲ್ಯಾಬ್ ಬಂತು. ಕೆಲಸ ಕೊಡುವ ಕಂಪನಿಗಳ ಲೋಗೋಗಳು ಸಾಲಾಗಿ ಬಂದು ಹೋದವು. 'ನಾವೆಲ್ಲ ಒಂದೇ ಕುಟುಂಬ' ಅನ್ನುವುದಂತೂ ಬಂದೇ ಬಂತು. ಬಾರದೇ ಉಳಿದದ್ದು ಒಂದೇ ವಿಷಯ. ಇದು ಕಥೋಲಿಕ ವಿಶ್ವವಿದ್ಯಾಲಯ ಅನ್ನುವುದು.

ಭಾಷಣ ಮಾಡಿದವರು ಫಾದರ್ರೇ. ಸಭೆಯಲ್ಲಿ ಸಿಸ್ಟರ್‌ಗಳಿದ್ದರು, ವೇದಿಕೆಯ ಹಿಂದೆ ಶಿಲುಬೆಯೂ ಇತ್ತು. ಆದರೆ ದೊಡ್ಡ ಎಲ್‌ಇಡಿ ಪರದೆ ಅದಕ್ಕೆ ಅಡ್ಡ ನಿಂತಿತ್ತು. ಮದುವೆಗೆ ಕರೆದು ಮದುಮಕ್ಕಳ ಹೆಸರೇ ಹೇಳದೆ ಛತ್ರದ ವರ್ಣನೆ ಮಾಡಿ ಕಳಿಸಿದ ಹಾಗಾಯಿತು.

ನನ್ನನ್ನು ಬಲ್ಲವರಿಗೆ ಈಗ ನಗು ಬರುತ್ತಿರಬಹುದು. ಇವಳಿಗ್ಯಾಕೆ ಈ ಉಸಾಬರಿ ಅಂತ. ನಾನು ಕ್ರೈಸ್ತಳಲ್ಲ. ದೇವರ ವಿಷಯದಲ್ಲಿ ನನ್ನ ನಿಲುವು ಏನು ಅನ್ನುವುದೂ ನಿಮಗೆ ಗೊತ್ತು, ಇದೇ ಸೋಶಿಯಲ್ ಮೀಡಿಯಾ ಗೋಡೆಯ ಮೇಲೆ ಬೇಕಾದಷ್ಟು ಜಗಳ ಆಗಿದೆ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಕಾರ್ಯಕ್ರಮ ಮುಗಿದ ಮೇಲೆ ಕಾರಿಡಾರಿನಲ್ಲಿ ಸಿಕ್ಕ ಸಹೋದ್ಯೋಗಿಯೊಬ್ಬರು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ಎಲ್ಲ ಧರ್ಮದವರೂ ಇದ್ದಾರಲ್ಲ ಮೇಡಂ, ಸುಮ್ನೆ ಯಾಕೆ ಬೇಜಾರು ಮಾಡೋದು ಅಂತ." ಅಂದರೆ ನನ್ನಂಥವಳಿಗೆ ನೋವಾಗದಿರಲಿ ಅಂತ ಇವರು ತಮ್ಮ ಗುರುತನ್ನೇ ನುಂಗಿಕೊಂಡರಂತೆ. ಎಂಥಾ ತ್ಯಾಗ! ಯಾರು ಕೇಳಿದ್ದರು?

ಬೆಳಿಗ್ಗೆಯೇ ಚಾಪೆಲ್‌ನಲ್ಲಿ ಪವಿತ್ರಾತ್ಮರ ಬಲಿಪೂಜೆ, ಅಂದರೆ ಮಾಸ್, ಮುಗಿದಿತ್ತು. ವರ್ಷದ ಆರಂಭದಲ್ಲಿ ಜ್ಞಾನ, ವಿವೇಕ ಬೇಡಿಕೊಳ್ಳುವ ಪೂಜೆ ಅದು. ಗುರುಗಳು ಕೆಂಪು ಉಡುಪು ತೊಡುತ್ತಾರೆ, ಕೆಂಪು ಪವಿತ್ರಾತ್ಮರ ಬಣ್ಣ. ಜೆಸ್ವಿಟರು ಅನ್ನುವ ಕಥೋಲಿಕ ಗುರುಗಳ ಸಂಘದವರು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಶಾಲೆ ತೆರೆದಾಗಿನಿಂದ ಈ ಸಂಪ್ರದಾಯ ಬಂದಿದೆ ಅನ್ನುತ್ತಾರೆ. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಹಾಡಿಗಾಗಿ ಅಂತಿಟ್ಟುಕೊಳ್ಳಿ. ಎಲ್ಲ ಗೊತ್ತು ಅನ್ನುವ ನಮ್ಮ ಪ್ರೊಫೆಸರುಗಳು ವರ್ಷದಲ್ಲಿ ಒಂದು ದಿನವಾದರೂ ಮಂಡಿಯೂರಿ 'ನಮಗೆ ತಿಳಿವು ಕೊಡು' ಅನ್ನುವುದನ್ನು ನೋಡುವ ಸುಖಕ್ಕೂ ಹೌದು. ಈ ಪೂಜೆ ಯಾಕಿದೆ ಅಂತ ಸಭಾಂಗಣದಲ್ಲಿ ಕೂತಿದ್ದ ಹೊಸ ಮಕ್ಕಳಿಗೆ ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಡ್ರೋನ್ ವಿಡಿಯೋವನ್ನು ಮಾತ್ರ ಎರಡು ಸಲ ಹಾಕಿದರು.

ಹೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಅಂತ ನನಗೆ ಅರ್ಥವಾಗುವುದಿಲ್ಲ. ಬ್ರಹ್ಮಾಂಡ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಜಾರ್ಜ್ ಲೆಮೈತ್ರ್ ಒಬ್ಬ ಕಥೋಲಿಕ ಪಾದ್ರಿ. ಬೆಲ್ಜಿಯಂನ ಲ್ಯೂವೆನ್‌ನ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ನಾವು ಬಿಗ್ ಬ್ಯಾಂಗ್ ಅನ್ನುವುದರ ಮೂಲ ಅವರ ಯೋಚನೆಯಲ್ಲಿದೆ. ಆಮೇಲೆ ಅದನ್ನೇ ಸೃಷ್ಟಿಕರ್ತನಿಗೆ ಸಾಕ್ಷಿ ಅಂತ ತೋರಿಸುವ ಮಾತು ಪೋಪ್ ಅವರಿಂದಲೇ ಬಂದಾಗ, ಆ ಪಾದ್ರಿಗೆ ಅದು ಹಿಡಿಸಲಿಲ್ಲ. ವಿಜ್ಞಾನ ವಿಜ್ಞಾನವಾಗಿಯೇ ಇರಲಿ ಅಂದವರು ಅವರು. ನಂಬಿಕೆಯವರ ಮನೆಯಲ್ಲೇ ಇಂಥ ಮನುಷ್ಯ ಇದ್ದ ಅಂತ ಹೊಸ ಮಕ್ಕಳಿಗೆ ಹೇಳಿದರೆ ಯಾರಿಗೆ ಬೇಜಾರಾಗುತ್ತಿತ್ತು? ಐರ್ಲೆಂಡಿನ ಡಬ್ಲಿನ್‌ನಲ್ಲಿ 1854ರಲ್ಲಿ ಶುರುವಾದ ಕಥೋಲಿಕ ವಿಶ್ವವಿದ್ಯಾಲಯದ ಮೊದಲ ರೆಕ್ಟರ್ (ಮುಖ್ಯಸ್ಥ) ಜಾನ್ ಹೆನ್ರಿ ನ್ಯೂಮನ್ ಅವರನ್ನು 2025ರ ನವೆಂಬರ್ 1ರಂದು ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ತನ್ನ ಮಹಾ ಗುರುಗಳೆಂದು ಗೌರವಿಸುವ ಪಂಡಿತರ ಸಾಲಿಗೆ ಸೇರಿಸಿದರು. ಅವರ ಹೆಸರೂ ಬರಲಿಲ್ಲ. ಹೋಗಲಿ ಬಿಡಿ.

ನನ್ನ ನಿಜವಾದ ತಕರಾರು ಬೇರೆ.

ಕಥೋಲಿಕ ವಿಶ್ವವಿದ್ಯಾಲಯ ಹೇಗಿರಬೇಕು ಅಂತ ಪೋಪ್ ಎರಡನೇ ಜಾನ್ ಪಾಲ್ 1990ರ ಆಗಸ್ಟ್ 15ರಂದು ಒಂದು ದಸ್ತಾವೇಜು ಹೊರಡಿಸಿದರು. 'ಎಕ್ಸ್ ಕೋರ್ದೆ ಎಕ್ಲೇಸಿಯೇ' ಅಂತ, ಲ್ಯಾಟಿನ್‌ನಲ್ಲಿ 'ಧರ್ಮಸಭೆಯ ಹೃದಯದಿಂದ'. ಸತ್ಯ ಹುಡುಕುವುದು ವಿಶ್ವವಿದ್ಯಾಲಯದ ಕೆಲಸ ಅನ್ನುತ್ತದೆ ಅದು. ಪ್ರತಿಯೊಬ್ಬರ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಗೌರವಿಸಬೇಕು ಅನ್ನುತ್ತದೆ. ಓದುವ ಅವಕಾಶವೇ ಸಿಗದೆ ಹೋದ ಬಡವರಿಗೆ, ಅಲ್ಪಸಂಖ್ಯಾತರಿಗೆ ಬಾಗಿಲು ತೆರೆದಿರಬೇಕು ಅನ್ನುತ್ತದೆ. ನ್ಯಾಯ, ಶಾಂತಿ, ಪ್ರಕೃತಿಯ ರಕ್ಷಣೆ ಇವೆಲ್ಲ ಅಧ್ಯಯನದ ವಿಷಯವಾಗಬೇಕು ಅನ್ನುತ್ತದೆ. ಜನಕ್ಕೆ ಇಷ್ಟವಾಗದ ಸತ್ಯವನ್ನು ಹೇಳುವ ಧೈರ್ಯವೂ ಬೇಕಂತೆ. ಈಗ ಹೇಳಿ, ಇದರಲ್ಲಿ ನನಗೆ ಬೇಜಾರಾಗುವಂಥದ್ದು ಯಾವುದು?

ಬೇಜಾರಾಗುವುದು ಯಾರಿಗೆ ಅಂತ ನಾನು ಹೇಳುತ್ತೇನೆ. ಫೀಸು ನಿಗದಿ ಮಾಡುವವರಿಗೆ. ವರ್ಷ ವರ್ಷವೂ ಗುತ್ತಿಗೆ ಮೇಲೆ ಮೇಷ್ಟ್ರುಗಳನ್ನು ತೆಗೆದುಕೊಳ್ಳುವವರಿಗೆ. ಸಭಾಂಗಣ ಗುಡಿಸಿ ಒರೆಸಿದ ಹೆಂಗಸರನ್ನು ಏಜೆನ್ಸಿಯವರು ಅಂತ ಕುಟುಂಬದಿಂದ ಹೊರಗಿಟ್ಟವರಿಗೆ. ದುಡಿಯುವವರಿಗೆ ನ್ಯಾಯವಾದ ಕೂಲಿ ಕೊಡಿ ಅಂತ ಪೋಪ್ 13ನೇ ಲಿಯೋ 1891ರಲ್ಲೇ ವಿಶ್ವಪತ್ರ, ಅಂದರೆ ಇಡೀ ಧರ್ಮಸಭೆಗೆ ಪತ್ರ, ಬರೆದಿದ್ದರು. ಈಗಿನ ಪೋಪ್ ಲಿಯೋ ಅನ್ನುವ ಹೆಸರು ಇಟ್ಟುಕೊಂಡದ್ದಕ್ಕೆ ಅದೇ ಮುಖ್ಯ ಕಾರಣ ಅಂತ ಅವರೇ ಹೇಳಿದ್ದಾರೆ. ವೇದಿಕೆಯ ಮೇಲೆ ನಿಂತು 'ನಾವು ಕಥೋಲಿಕರು' ಅಂದುಬಿಟ್ಟರೆ ಇದೆಲ್ಲದರ ಲೆಕ್ಕ ಕೊಡಬೇಕಾಗುತ್ತದೆ. 'ನಾವು ಜಾಗತಿಕ ಗುಣಮಟ್ಟದವರು' ಅಂದರೆ ಯಾರಿಗೂ ಏನೂ ಕೊಡಬೇಕಿಲ್ಲ. ಜಾಗತಿಕ ಗುಣಮಟ್ಟದ ಮೇಲೆ ಇವತ್ತಿನವರೆಗೆ ಯಾರಾದರೂ ಧರಣಿ ಕೂತಿದ್ದಾರಾ?

ಇನ್ನೊಂದು ಮಾತೂ ಕೇಳಿಬರುತ್ತದೆ. ಧರ್ಮದ ಹೆಸರು ಎತ್ತಿದರೆ ಮತಪ್ರಚಾರ ಅಂತಾರೆ, ಬೇರೆಯವರಿಗೆ ತಾವು ಹೊರಗಿನವರು ಅನಿಸುತ್ತದೆ ಅಂತ. ಒತ್ತಾಯ ಮಾಡುವವರು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಯಾರು ಅಂತ ಹೇಳುವುದಕ್ಕೂ ನೀನು ನಮ್ಮಂತಾಗು ಅನ್ನುವುದಕ್ಕೂ ವ್ಯತ್ಯಾಸ ಗೊತ್ತಾಗದವರು ವಿಶ್ವವಿದ್ಯಾಲಯ ನಡೆಸಬಾರದು. ನನಗೆ ಒಪ್ಪಿಗೆಯಾಗದ ವಿಷಯಗಳು ಆ ಮನೆಯಲ್ಲಿ ಬೇಕಾದಷ್ಟಿವೆ. ಕಥೋಲಿಕ ದೈವಶಾಸ್ತ್ರ ಕಲಿಸುವವರಿಗೆ ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆ ಬೇಕು ಅನ್ನುತ್ತದೆ ಅವರ ಕಾನೂನಿನ 812ನೇ ನಿಯಮ. ಮೇಷ್ಟ್ರಾದ ನನಗೆ ಅದು ಚುಚ್ಚುತ್ತದೆ. ಸರಿ, ಜಗಳ ಆಡೋಣ. ಆದರೆ ಜಗಳ ಆಡುವುದಕ್ಕೂ ಎದುರಿಗೆ ಒಬ್ಬರು ನಿಂತಿರಬೇಕು ಅಲ್ವಾ? ಲೋಗೋ ಜೊತೆ ಏನು ಜಗಳ?

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಹಳೇ ಸ್ನೇಹಿತರಲ್ಲಿ ಕೆಲವರಿಗೆ ಗೊತ್ತು. ಅಪ್ಪನ ಕೆಲಸ ಹೋದ ವರ್ಷ ನನ್ನ ಓದು ನಿಲ್ಲದೆ ಉಳಿದದ್ದು ಕಾಲೇಜಿನ ಸಿಸ್ಟರ್ ಒಬ್ಬರಿಂದ. ಫೀಸು ಪೂರ್ತಿ ಬಿಟ್ಟರು. ಯಾರಿಗೂ ಹೇಳಲಿಲ್ಲ, ಫೋಟೋ ತೆಗೆಸಲಿಲ್ಲ. ಒಂದು ದಿನವೂ ಚಾಪೆಲ್‌ಗೆ ಬಾ ಅನ್ನಲಿಲ್ಲ. ಯಾಕೆ ಸಿಸ್ಟರ್ ಅಂತ ಕೇಳಿದ್ದಕ್ಕೆ, "ನಾವು ಇಲ್ಲಿ ಇರೋದೇ ಅದಕ್ಕೆ ಕಣಮ್ಮಾ, ಹೋಗಿ ಓದ್ಕೋ" ಅಂತ ಗದರಿದರು. ಅವರು ನಂಬಿದ್ದನ್ನು ನಾನು ನಂಬುವುದಿಲ್ಲ. ಆದರೆ ಆ ನಂಬಿಕೆ ತೆಗೆದು ನೋಡಿದರೆ ನನ್ನ ಫೀಸು ಮನ್ನಾ ಆಗುವುದಿಲ್ಲ. ಅದಕ್ಕೇ ಇವರ ಈ ಸಭ್ಯ ಮೌನ ನನಗೆ ಮೈ ಉರಿಸುತ್ತದೆ.

ಮಧ್ಯಾಹ್ನ ನನ್ನ ಮೊದಲ ಕ್ಲಾಸಿತ್ತು. ಪಾಠ ಬದಿಗಿಟ್ಟು, ಅಡ್ಮಿನ್ ಬ್ಲಾಕಿನವರು ಹೇಳದ್ದನ್ನು ನಾನೇ ಹೇಳಿದೆ. ಈ ಸಂಸ್ಥೆ ಯಾವ ಮಾತಿನ ಮೇಲೆ ನಿಂತಿದೆ, ಆ 1990ರ ಕಾಗದದಲ್ಲಿ ಬಡ ಮಕ್ಕಳ ಬಗ್ಗೆ ಏನು ಬರೆದಿದೆ, ಮನಸ್ಸಾಕ್ಷಿಯ ಬಗ್ಗೆ ಏನಿದೆ ಅಂತ. ಪ್ರಾರ್ಥನೆಗೆ ಹೋಗುವುದು ಬಿಡುವುದು ನಿಮ್ಮಿಷ್ಟ, ಆದರೆ ಈ ಮಾತುಗಳ ಮೇಲೆ ನಿಮಗೆ ಹಕ್ಕಿದೆ ಅಂದೆ. ಮಕ್ಕಳು ಧರ್ಮದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, ಫೀಸು ರಿಯಾಯಿತಿಯ ಅರ್ಜಿ ಯಾವ ಕೌಂಟರಿನಲ್ಲಿ ಸಿಗುತ್ತದೆ ಮೇಡಂ ಅಂದಳು. ನೆಲಮಹಡಿ, ಎಡಗಡೆ ಅಂದೆ. ಆ ಕಾಗದದಲ್ಲಿ ಬಡವರ ಮಾತಿರುವ 34ನೇ ಪರಿಚ್ಛೇದವನ್ನು ಪ್ರಿಂಟ್ ತೆಗೆದು ಅರ್ಜಿಗೆ ಪಿನ್ ಮಾಡು ಅಂತಲೂ ಹೇಳಿ ಕಳಿಸಿದ್ದೇನೆ.