ಕೊಟ್ಟೋನೇ ಕೋಡಂಗಿ

ಹೋದ ಭಾನುವಾರ ತುಮಕೂರಿನಲ್ಲಿ ಗೆಳೆಯರೊಬ್ಬರ ಹೊಸ ಮನೆಗೆ ಹೋಗಿದ್ದೆ. ಹಾಲಿನಲ್ಲಿ ಮೊದಲು ಕಣ್ಣಿಗೆ ಬಿದ್ದವನು ಗಾಜಿನ ಕಪಾಟಿನೊಳಗಿದ್ದ ಒಬ್ಬ ಜೋಕರ್. ಪಿಂಗಾಣಿಯವನು. ಕೆಂಪು ಮೂಗು, ಒಂದು ಬೂಟು ಮುಕ್ಕಾಗಿದೆ, ಕತ್ತಿನ ಹತ್ತಿರ ಕೂದಲೆಳೆಯಷ್ಟು ಬಿರುಕು.

"ಅಯ್ಯೋ, ಒಡೆದಿದೆಯಲ್ರೀ" ಅಂದೆ.

ಗೆಳೆಯರು ಕನಿಕರದಿಂದ ನನ್ನನ್ನೇ ನೋಡಿದರು. "ಒಡೆದಿರೋದಕ್ಕೇ ಹದಿನೆಂಟು ಸಾವಿರ. ಚೆನ್ನಾಗಿದ್ದಿದ್ರೆ ಹಳೇದು ಅಂತ ಯಾರು ನಂಬ್ತಾರೆ? ವಿಂಟೇಜ್ ಸಾರ್, ವಿಂಟೇಜ್!"

ಮುಕ್ಕಾದ ಕಪ್ಪಿನಲ್ಲಿ ಕಾಫಿ ಕೊಟ್ಟರೆ ನೆಂಟರು ಮೂರು ವರ್ಷ ಮಾತು ಬಿಡುವ ಊರು ನಮ್ಮದು. ಸುಮ್ಮನಾದೆ.

ಇದು ಅವರೊಬ್ಬರ ಮನೆಯ ಕಥೆಯಲ್ಲ. ಈಗ ಮನೆ ಕಟ್ಟಿಸಿದವರಿಗೆಲ್ಲ ದೇವರ ಮನೆ ಆದಮೇಲೆ ಒಂದು ಜಾನಪದ ಗೋಡೆ ಬೇಕು. ಗೋಡೆಗೆ ಮೊರ ಹೊಡೆಸಬೇಕು, ಬೀಸೋ ಕಲ್ಲಿನ ಮೇಲೆ ಮನಿಪ್ಲಾಂಟ್ ಇಡಬೇಕು, ಸೇರಿನೊಳಗೆ ಟೀವಿ ರಿಮೋಟು. ಇದೇ ಸೇರನ್ನು ಇವರೇ ಹಿಂದೆ ಹಳೇ ಪಾತ್ರೆಯವನಿಗೆ ಹಾಕಿ ಪ್ಲಾಸ್ಟಿಕ್ ಬಕೆಟ್ ತಗೊಂಡಿದ್ದರು. ಬಕೆಟ್ ಒಡೆದು ಎಷ್ಟೋ ಕಾಲವಾಯಿತು. ಸೇರು ಮಾತ್ರ ಬೆಂಗಳೂರು ಸುತ್ತಿ, ಬೆಲೆ ಏರಿಸಿಕೊಂಡು ವಾಪಸ್ಸು ಬಂದಿದೆ.

ಜೋಕರ್ ಪಕ್ಕದಲ್ಲಿ ತೊಗಲುಗೊಂಬೆ. ಕಿಲ್ಲೇಕ್ಯಾತ, ನಮ್ಮ ಗೊಂಬೆಯಾಟದ ಕೋಡಂಗಿ. ಮೇಕೆ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ತೂತು ಕೊರೆದು ಬಣ್ಣ ಹಾಕುತ್ತಾರೆ. ಹಿಂದೆ ದೀಪ, ಮುಂದೆ ಪರದೆ. ಆಗಲೇ ಅದಕ್ಕೆ ಜೀವ. ಇವರು ಅದನ್ನು ಫ್ರೇಮಿಗೆ ಹಾಕಿ, ಬೆನ್ನಿಗೆ ಪ್ಲೈವುಡ್ ಬಡಿಸಿ, ಮುಖದ ಮೇಲೆ ಲೈಟ್ ಬಿಟ್ಟಿದ್ದಾರೆ. ಪೊಲೀಸ್ ಸ್ಟೇಷನ್ನಿನಲ್ಲಿ ವಿಚಾರಣೆಗೆ ಕೂರಿಸಿದ ಹಾಗಿದ್ದ ಕಿಲ್ಲೇಕ್ಯಾತ. ಅವನ ಹೆಂಡತಿ ಬಂಗಾರಕ್ಕ ಎಲ್ಲಿ ಅಂತ ಕೇಳಿದೆ. "ಬಜೆಟ್ ಸಾಲಲಿಲ್ಲ" ಅಂದರು.

ಅದರಾಚೆ ಸೋಮನ ಕುಣಿತದ ಒಂದು ಮುಖವಾಡ. ನಮ್ಮ ಕಡೆ ಸೋಮ ಅಂದರೆ ಗ್ರಾಮದೇವತೆಯ ಕಾವಲಿನವನು. ಜಾತ್ರೆಯಲ್ಲಿ ಕೆಂಪು ಮುಖದ ಸೋಮ ಕೆಂಚರಾಯ ಕುಣಿಯುತ್ತಾ ಬಂದರೆ ಗಟ್ಟಿ ಗಂಡಸರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಇಲ್ಲಿ ಅವನು ಸೋಫಾ ಬಣ್ಣಕ್ಕೆ ಮ್ಯಾಚ್ ಆಗುತ್ತಾನೆ ಅಂತ ಬಂದಿದ್ದಾನೆ.

ಅಂಗಡಿಯವನ ಲೆಕ್ಕದಲ್ಲಿ ಎಲ್ಲದಕ್ಕೂ ಒಂದೇ ವಯಸ್ಸು, ನೂರೈವತ್ತು. ನನಗೆ ಬಾಯಿ ಸುಮ್ನಿರಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು, ಅದನ್ನು ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು ಅಂದೆ. ಗೆಳೆಯರು ಬೆವರಿ ಅಂಗಡಿಗೆ ಫೋನ್ ಹಚ್ಚಿದರು. ಎರಡು ನಿಮಿಷದಲ್ಲಿ ಸೋಮನ ವಯಸ್ಸು ತೊಂಬತ್ತೊಂಬತ್ತಕ್ಕೆ ಇಳಿಯಿತು. ರೇಟು ಮಾತ್ರ ಇಳಿಯಲಿಲ್ಲ.

ಆಮೇಲೆ ಜೋಕರ್ ಪುರಾಣ ಶುರುವಾಯಿತು. ಇಂಗ್ಲೆಂಡಿನಲ್ಲಿ ಒಬ್ಬೊಬ್ಬ ಜೋಕರನ ಮುಖಬಣ್ಣವನ್ನೂ ಮೊಟ್ಟೆಯ ಮೇಲೆ ಬರೆದು ಜೋಪಾನ ಮಾಡುತ್ತಾರಂತೆ. ನಿಜವೇ. ಸ್ಟಾನ್ ಬುಲ್ಟ್ ಎಂಬಾತ 1946ರಲ್ಲಿ ಶುರುಮಾಡಿದ್ದು. ಮೊದಲು ಕೋಳಿಮೊಟ್ಟೆ, ಒಡೆದು ಹೋಗುತ್ತವೆ ಅಂತ ಆಮೇಲೆ ಪಿಂಗಾಣಿ ಮೊಟ್ಟೆ. ಗೆಳೆಯರಿಗೆ ಇದೆಲ್ಲ ಬಾಯಿಪಾಠ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರದಿಂದಲೇ ದೊಡ್ಡವರಾದ ವೀರಣ್ಣನವರ ಒಂದು ಫೋಟೋನಾದರೂ ಇದೆಯಾ ಅಂದೆ. ಇರಲಿಲ್ಲ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು? "ಅವರ ಗೊಂಬೆ ಮಾಡಿದಾರಾ? ಎಷ್ಟಂತೆ?" ಅಂದರು. ನಗಿಸೋರನ್ನು ಹಡೆದ ಜಿಲ್ಲೆ, ನಗು ಇಂಪೋರ್ಟ್ ಮಾಡಿಕೊಳ್ಳುತ್ತಿದೆ.

ಅಷ್ಟರಲ್ಲಿ ಒಳಗಿಂದ ಗೆಳೆಯರ ತಾಯಿ ಬಂದರು. ತುರುವೇಕೆರೆ ಕಡೆಯವರು. ಸೀದಾ ಹೋಗಿ ಸೋಮನ ಹಣೆಗೆ ಕುಂಕುಮ ಇಟ್ಟು, ಬಾಳೆಹಣ್ಣು ಮುರಿದು ಕೈ ಮುಗಿದರು. ಸೊಸೆ ಚೀರಿದರು, "ಅತ್ತೆ, ಕಲರ್ ಹಾಳಾಗುತ್ತೆ!"

"ದೇವರನ್ನ ಉಪಾಸ ಕೆಡವ್ತೀಯೇನವ್ವ? ಮೊದಲು ಚಪ್ಪಲಿ ಆಚೆ ಬಿಡು" ಅಂದಿತು ಮುದುಕಿ.

ನಾನೂ ಮೆಲ್ಲಗೆ ಎದ್ದು ಹೋಗಿ ನನ್ನ ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದೆ.

ಮೊನ್ನೆ ಗೆಳೆಯರು ಫೋನ್ ಮಾಡಿದ್ದರು. ದನಿ ಬಿದ್ದುಹೋಗಿತ್ತು. ಮೇಲಿನ ಮಹಡಿಗೆ ಗಾರೆ ಕೆಲಸ ನಡೀತಿದೆಯಲ್ಲ, ಅವ್ವ ಹದಿನೆಂಟು ಸಾವಿರದ ಜೋಕರನ ಕತ್ತಿಗೆ ಸೆಣಬಿನ ಹುರಿ ಬಿಗಿದು, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ, ದೃಷ್ಟಿಬೊಂಬೆ ಅಂತ ಸಾರುವೆಗೆ ನೇತುಹಾಕಿದ್ದಾರೆ. "ಒಳಗಿದ್ರೆ ರಾತ್ರಿ ಎದ್ದಾಗ ನಂಗೇ ಎದೆ ಝಲ್ ಅನ್ನುತ್ತೆ ಕಣ್ಲಾ, ಆಚೆ ಇದ್ರೆ ಬೇರೆಯವರಿಗೆ ಅನ್ನಲಿ" ಅಂದರಂತೆ.

ಇಳಿಸೋಣ ಅಂತ ಇವರು ಏಣಿ ಹತ್ತಿದರೆ, ಕೆಳಗೆ ಎದುರು ಮನೆಯವರು ಬಂದು ಕತ್ತೆತ್ತಿ ನಿಂತಿದ್ದಾರೆ. "ಭಾರೀ ಚೆನ್ನಾಗಿದೆ ಸಾರ್. ನೂರೈವತ್ತು ಇರಬೇಕು, ಅಲ್ವಾ?"

ಕೊನೆಗೂ ಗುಣ ತಿಳಿದವರೊಬ್ಬರು ಸಿಕ್ಕರು ಅಂತ ಗೆಳೆಯರಿಗೆ ಕಾಯ್ದೆಯೂ ಮರೆತುಹೋಯಿತು. ಏಣಿ ಮೇಲಿಂದಲೇ, "ಹೌದು ಸಾರ್, ನೂರೈವತ್ತೇ!"

"ಹಂಗಾದ್ರೆ ನಮಗೂ ಎರಡು ತಂದುಬಿಡಿ" ಅಂತ ಅವರು ಮುನ್ನೂರು ರೂಪಾಯಿ ಎಣಿಸಿ ಕೊಟ್ಟು ಹೋದರಂತೆ.