ಹಳೆಯ ಹೋಲ್‌ಗೆ ಹೊಸ ಟೀ ಬೇಕೆ?

ಗಾಲ್ಫ್‌ನಲ್ಲಿ ಚೆಂಡು ಈಗ ಹಿಂದಿಗಿಂತ ದೂರ ಹೋಗುತ್ತದೆ. ಅದಕ್ಕಾಗಿ ಹಳೆಯ ಹೋಲ್‌ನ ಟೀಯನ್ನು, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗವನ್ನು, ಹಿಂದಕ್ಕೆ ಸರಿಸಬೇಕೆ? ಪರ-ವಿರೋಧದ ವಾದ ಇಲ್ಲಿದೆ.

ಪರ: ಅಳುಕು ಉಳಿಯಬೇಕಾದರೆ ಟೀ ಹಿಂದೆ ಸರಿಯಲಿ

ಅಮೆರಿಕದ ಗಾಲ್ಫ್ ಕೋರ್ಸ್ ಆಗಸ್ಟಾ ನ್ಯಾಷನಲ್‌ನ 13ನೇ ಹೋಲ್ ಪಾರ್ 5, ಅಂದರೆ ಐದು ಹೊಡೆತದಲ್ಲಿ ಮುಗಿಸಬೇಕಾದದ್ದು. ಫೇರ್‌ವೇ, ಅಂದರೆ ಆಡುವ ಹುಲ್ಲುಹಾದಿ, ಎಡಕ್ಕೆ ತಿರುಗುತ್ತದೆ; ಗುಳಿಯಿರುವ ನುಣುಪು ಹುಲ್ಲುಹಾಸಾದ ಗ್ರೀನ್‌ನ ಮುಂದೆಯೇ ತೊರೆ. ಎರಡನೇ ಹೊಡೆತಕ್ಕೆ ನಿಂತವನನ್ನು ಅದು ಕೇಳುವುದು ಇಷ್ಟೇ: ತೊರೆ ದಾಟಿಸುತ್ತೀಯೋ, ಈಚೆಗೇ ಇಟ್ಟು ಮೂರನೆಯದಕ್ಕೆ ಗ್ರೀನ್ ಹತ್ತುತ್ತೀಯೋ? ಬಾಬಿ ಜೋನ್ಸ್ ಮತ್ತು ಅಲಿಸ್ಟರ್ ಮೆಕೆಂಜಿ ರೂಪಿಸಿದ ಈ ಹೋಲ್‌ನ ಜೀವ ಇರುವುದೇ ಆ ಅಳುಕಿನಲ್ಲಿ.

ಚೆಂಡೂ ಅದನ್ನು ಹೊಡೆಯುವ ಕ್ಲಬ್ಬೂ ಬದಲಾದವು, ಅಳುಕು ಹೋಯಿತು. ಉದ್ದ ಹೊಡೆಯುವವರು ಮೂಲೆಯ ಮರಗಳ ಮೇಲಿಂದಲೇ ಮೊದಲ ಹೊಡೆತವನ್ನು, ಡ್ರೈವನ್ನು, ಹಾರಿಸಿ, ಉಳಿದ ದೂರವನ್ನು ಸಮೀಪದ ಹೊಡೆತಕ್ಕೆ ಬಳಸುವ ಚಿಕ್ಕ ಐರನ್‌ನಲ್ಲಿ ಮುಗಿಸತೊಡಗಿದರು. ತೊರೆ ಬರೀ ಚಿತ್ರಕ್ಕೆ ಉಳಿಯಿತು. ಆಗಸ್ಟಾದವರು ಪಕ್ಕದ ಗಾಲ್ಫ್ ಸಂಸ್ಥೆಯಿಂದ ಜಾಗ ಕೊಂಡು, 510 ಗಜವಿದ್ದುದನ್ನು 2023ರ ಮಾಸ್ಟರ್ಸ್ ಟೂರ್ನಿಗೆ 545 ಗಜ ಮಾಡಿದರು.

35 ಗಜ ಏನು ಮಹಾ ಅನ್ನುವವರು ಆ ತಿರುವಿನಲ್ಲಿ ನಿಂತು ನೋಡಬೇಕು. ನೆಲ ಬಲದಿಂದ ಎಡಕ್ಕೆ ಇಳಿಜಾರು. ಬಲಗೈ ಆಟಗಾರನಿಗೆ ಚೆಂಡು ಪಾದಕ್ಕಿಂತ ಮೇಲಿರುತ್ತದೆ, ಹೊಡೆದರೆ ಎಡಕ್ಕೇ ಎಳೆಯುತ್ತದೆ. ಮುಂದೆ ತೊರೆ ಕಾದಿರುತ್ತದೆ. ಅಲ್ಲಿ ಚಿಕ್ಕ ಐರನ್ ಹಿಡಿಯುವುದು ಬೇರೆ, ಉದ್ದದ ಕ್ಲಬ್ ಹಿಡಿಯುವುದು ಬೇರೆ. ಗ್ರೀನ್ ಮುಟ್ಟದೆ, ತೊರೆ ಮುಟ್ಟದೆ, ಹಳೆಯ ಅಳುಕನ್ನು ಮರಳಿ ತಂದರು. ಇದನ್ನು ಹಾಳು ಮಾಡಿದ್ದು ಅನ್ನುತ್ತೀರಾ?

"ಚೆಂಡನ್ನು ಕಟ್ಟಿಹಾಕಿ, ನೆಲ ಬಿಡಿ" ಅನ್ನುವವರಿದ್ದಾರೆ. ಅವರನ್ನು ಬಿಟ್ಟರೆ ನಾಳೆ ಎಲ್ಲರ ಕೈಗೂ ಮರದ ಹಿಡಿಯ ಕ್ಲಬ್ ಕೊಟ್ಟಾರು! ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬೇಕಿಲ್ಲ. ಅಳುಕು ಹೋದ ಹೋಲ್ ಎಷ್ಟೇ ಹಳೆಯದಾದರೂ ಸತ್ತ ಹೋಲೇ.

ವಿರೋಧ: ನೆಗಡಿಗೆ ಮೂಗು ಕೊಯ್ಯಬೇಡಿ

ಈ ಪಕ್ಷ ನನ್ನ ಪಾಲಿಗೆ ಬಂದದ್ದು. ನಿಜ ಹೇಳಬೇಕೆಂದರೆ ಆಗಸ್ಟಾದ ಹೊಸ ಟೀ ನನಗೂ ಒಪ್ಪಿಗೆಯೇ. ಆದರೂ ವಾದಿಸುತ್ತೇನೆಂದು ಮಾತು ಕೊಟ್ಟಾಗಿದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಕೋರ್ಸ್‌ನ 17ನೆಯದು, ರೋಡ್ ಹೋಲ್, 2010ರ ಓಪನ್ ಟೂರ್ನಿಗೆ 455 ಗಜದಿಂದ 495ಕ್ಕೆ ಬೆಳೆಯಿತು. ಅದಕ್ಕೆ ಉದ್ದದ ಹಂಗಿತ್ತೆ? 1978ರಲ್ಲಿ ಜಪಾನಿನ ನಕಾಜಿಮಾ ಎರಡೇ ಹೊಡೆತದಲ್ಲಿ ಗ್ರೀನ್ ಸೇರಿದ್ದರು. ಅಲ್ಲಿಂದ ಪಟ್ ಮಾಡಿದ, ಅಂದರೆ ಗುಳಿಯತ್ತ ಮೆಲ್ಲಗೆ ತಳ್ಳಿದ ಚೆಂಡು ಉರುಳಿ ಮರಳುಗುಂಡಿಗೆ, ಬಂಕರ್‌ಗೆ, ಬಿತ್ತು; ಹೋಲ್ ಮುಗಿದಾಗ ಹೊಡೆತಗಳ ಲೆಕ್ಕ 9. ಹೆದರಿಸಿದ್ದು ಗಜಗಳಲ್ಲ, ಆ ಒಂದು ಗುಂಡಿ. ಚೆಂಡು ದೂರ ಹೋಗುವುದೇ ತೊಂದರೆಯಾದರೆ ಚೆಂಡನ್ನೇ ಸರಿಪಡಿಸಲಿ. ಅದರ ಪರೀಕ್ಷೆ ಬಿಗಿ ಮಾಡುತ್ತೇವೆಂದು ಗಾಲ್ಫ್‌ನ ನಿಯಮ ಮಾಡುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ 2023ರ ಡಿಸೆಂಬರ್‌ನಲ್ಲಿ ಹೇಳಿವೆ.

ಬಂಕರ್ ಅಂದಾಗ ನೆನಪಾಯಿತು. ನಾನು ಆಡುವ ಕೋರ್ಸ್‌ನ ನಾಲ್ಕನೇ ಹೋಲ್‌ನ ತಿರುವಿನಲ್ಲಿ, ಟೀಯಿಂದ ಸುಮಾರು 190 ಗಜಕ್ಕೆ ಒಂದು ಬಂಕರ್ ಇತ್ತು. ಎದೆಯೆತ್ತರದ ಅಂಚು, ತಳದಲ್ಲಿ ಸದಾ ತೇವದ ಮರಳು. ಒಮ್ಮೆ ಐದು ಹೊಡೆತ ಹೊಡೆದರೂ ಚೆಂಡು ಅಲ್ಲಿಂದ ಹೊರಬರಲಿಲ್ಲ. ಆರನೆಯದಕ್ಕೆ ಕೈಯಲ್ಲಿ ಎತ್ತಿಕೊಂಡೆ. ಆಟ ನಿಧಾನವಾಗುತ್ತದೆಂದು ಮುಚ್ಚುವ ಮಾತು ಬಂದಾಗ ಮೊದಲು ಕೈ ಎತ್ತಿದವನು ನಾನೇ.

ಮುಚ್ಚಿದರು. ಒಂದು ತಿಂಗಳು ಹಬ್ಬ. ಆಮೇಲೆ ನೋಡಿದರೆ ಆ ಟೀಯಲ್ಲಿ ಯಾರೂ ಮಾತೇ ಆಡುತ್ತಿರಲಿಲ್ಲ. ಮೊದಲಾದರೆ ದೂರ ಹೊಡೆಯುವ ಡ್ರೈವರ್ ಕ್ಲಬ್ಬೋ ಐರನ್ನೋ ಎಂದು ಚೀಲದಲ್ಲಿ ಕೈಯಿಟ್ಟು ನಿಲ್ಲುತ್ತಿದ್ದೆವು. ಈಗ ಡ್ರೈವರ್ ತೆಗೆದು ಬೀಸುವುದು, ನಡೆಯುವುದು. ಹೋಲ್ ಸಪ್ಪೆಯಾಯಿತೆಂದು ಸಮಿತಿಗೂ ಅನ್ನಿಸಿರಬೇಕು. ಮೂರು ವರ್ಷದ ನಂತರ, ಈಗಿನ ಹುಡುಗರ ಡ್ರೈವ್ ಬೀಳುವ ಜಾಗಕ್ಕೆ ಲೆಕ್ಕ ಹಾಕಿ, ಅರವತ್ತು ಗಜ ಮುಂದೆ ಹೊಸ ಬಂಕರ್ ತೋಡಿದರು. ಹುಡುಗರು ಅದರ ಮೇಲಿಂದ ಹಾರಿಸಿಕೊಂಡು ಹೋಗುತ್ತಾರೆ. ನನ್ನ ಎರಡನೇ ಹೊಡೆತ ಮಾತ್ರ ತಪ್ಪದೆ ಅದರಲ್ಲೇ ಬೀಳುತ್ತದೆ.