ಗೆದ್ದಲಿಗೆ ಗುತ್ತಿಗೆ

‘ಜೈವಿಕ ವಿನ್ಯಾಸದ, ಡಿಜಿಟಲ್ ನಿರ್ಮಿತಿಯ, ಹುತ್ತ ಮಾದರಿಯ ಪ್ರಯಾಣಿಕರ ತಂಗುದಾಣ’. ದಾವಣಗೆರೆಯ ನಮ್ಮ ಬಡಾವಣೆಯ ತಿರುವಿನಲ್ಲಿ ನೇತಾಡುವ ಫಲಕವಿದು. ಇದನ್ನು ಓದಿ ಮುಗಿಸುವಷ್ಟರಲ್ಲಿ ಒಂದು ಬಸ್ ತಪ್ಪಿರುತ್ತದೆ.

ಉದ್ಘಾಟನೆಯ ದಿನ ಎಂಜಿನಿಯರ್ ಸಾಹೇಬರು ಹರಾರೆಯ ಕಥೆ ಹೇಳಿದರು. ಕಥೆ ನಿಜವೇ. ಜಿಂಬಾಬ್ವೆಯ ಆ ಊರಿನಲ್ಲಿ ಮಿಕ್ ಪಿಯರ್ಸ್ ಎಂಬ ವಾಸ್ತುಶಿಲ್ಪಿ ಗೆದ್ದಲಿನ ಹುತ್ತ ನೋಡಿ ರೂಪಿಸಿದ ಈಸ್ಟ್‌ಗೇಟ್ ಕಟ್ಟಡ 1996ರಿಂದ ಮಾಮೂಲಿ ಎ.ಸಿ. ಇಲ್ಲದೆ ನಡೆಯುತ್ತಿದೆ. ರಾತ್ರಿಯ ತಂಪನ್ನು ದಪ್ಪ ಕಾಂಕ್ರೀಟಿನಲ್ಲಿ ಹಿಡಿದಿಟ್ಟುಕೊಂಡು, ಹಗಲಿನ ಬಿಸಿ ಗಾಳಿಯನ್ನು ಚಿಮಣಿಗಳಿಂದ ಹೊರದಬ್ಬುತ್ತದೆ. (ಹುತ್ತ ಉಸಿರಾಡುವ ಬಗೆ ಅಷ್ಟು ಸರಳವಲ್ಲ ಎಂದು ಆಮೇಲೆ ವಿಜ್ಞಾನಿಗಳು ತಕರಾರು ತೆಗೆದರು, ಕಟ್ಟಡವೇನೋ ತಂಪಾಗಿಯೇ ಇದೆ.) ಬಿಸಿ ಗಾಳಿ ಮೇಲಕ್ಕೇರುತ್ತದೆ ಎಂಬುದು ನಮ್ಮ ಮಂಡಕ್ಕಿ ಭಟ್ಟಿಯವರಿಗೂ ಗೊತ್ತು. ಅವರ ಬಳಿ ತ್ರೀಡಿ ಚಿತ್ರ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ.

ಹುತ್ತದಿಂದ ನಮ್ಮವರು ಕಲಿತದ್ದು ತೂತು ಕೊರೆಯುವುದನ್ನು. ಕಂಪ್ಯೂಟರ್ ಹೇಳಿದಂತೆ ಸಿಎನ್‌ಸಿ ಯಂತ್ರ ಪ್ಲೈವುಡ್ ಹಲಗೆಗಳ ತುಂಬ ಒಂದರಂತೆ ಇನ್ನೊಂದಿಲ್ಲದ ತೂತು ಮಾಡಿತು. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು 2011ರಲ್ಲಿ 6.5 ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಿಂದ ಮಂಟಪವೊಂದನ್ನು ಕಟ್ಟಿದ್ದರು. ಕಡಲಜೀವಿಯೊಂದರ ಚಿಪ್ಪಿನ ಬಿಲ್ಲೆಗಳು ಹಲ್ಲಿಗೆ ಹಲ್ಲು ಕಚ್ಚಿ ನಿಲ್ಲುವ ಗುಟ್ಟನ್ನು ತಿಳಿದುಕೊಂಡು, ರೋಬಾಟ್‌ನಿಂದ 850ಕ್ಕೂ ಹೆಚ್ಚು ತುಂಡು ಕತ್ತರಿಸಿ ಜೋಡಿಸಿದ್ದರು. ಅಲ್ಲಿ ಅದು ತಾತ್ಕಾಲಿಕ ಪ್ರಯೋಗ. ನಮ್ಮಲ್ಲಿಗೆ ಬರುವಷ್ಟರಲ್ಲಿ ಶಾಶ್ವತ ಕಾಮಗಾರಿಯಾಯಿತು. ಹಲ್ಲುಗಳು ಕಚ್ಚಿಕೊಳ್ಳದಿದ್ದಾಗ ಬೈಂಡಿಂಗ್ ತಂತಿ ಸುತ್ತಿದರು.

ಏಪ್ರಿಲ್‌ನ ಒಂದು ಮಧ್ಯಾಹ್ನ ಮಂಡಕ್ಕಿ ಚೀಲ ಹೊತ್ತ ಅಜ್ಜಿಯೊಬ್ಬರು ಬಂದು ಕುಳಿತರು. ಸೀರೆಯ ಮೇಲೆಲ್ಲ ಬಿಸಿಲಿನ ಬಿಲ್ಲೆಗಳು; ಒಂದು ನೇರ ಕಣ್ಣಿಗೇ ಬಿತ್ತು. ಸರಿದು ಕುಳಿತರು, ಅಲ್ಲೊಂದು ಕಾದಿತ್ತು. ಕೊನೆಗೆ ತಂಗುದಾಣದ ಒಳಗೇ ಕೊಡೆ ಬಿಡಿಸಿ, “ಇದಕ್ಕೆ ತಗಡು ಯಾವಾಗ ಹೊದಿಸುತ್ತಾರಪ್ಪಾ?” ಎಂದರು.

“ಕೆಲಸ ಮುಗಿದಿದೆ ಅಜ್ಜೀ” ಎಂದೆ.

ಅವರು ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಇದನ್ನು ಕಟ್ಟಿಸಿದವನು ನಾನೇ ಎಂದುಕೊಂಡರೇನೋ.

ಮಳೆ ಹಿಡಿಯಿತು. ಹಲಗೆ ನೆನೆದು ಉಬ್ಬಿತು, ಅದರ ಹಿಂದೆಯೇ ಗೆದ್ದಲು ಬಂದವು. ತಮ್ಮ ಮನೆಯ ನಕಲು ಕಂಡು ಅವಕ್ಕೆ ಏನನ್ನಿಸಿತೋ, ಬುಡದಿಂದಲೇ ತಿನ್ನತೊಡಗಿದವು. ಈಗ ಗೆದ್ದಲು ನಿವಾರಣೆಗೆ ಹೊಸ ಟೆಂಡರ್. ಗೆದ್ದಲಿನಿಂದ ಸ್ಫೂರ್ತಿ ಪಡೆದ ಬಾಬ್ತಿಗೂ ಗೆದ್ದಲಿಗೆ ಔಷಧಿ ಹೊಡೆಯುವ ಬಾಬ್ತಿಗೂ ಗುತ್ತಿಗೆದಾರರು ಒಬ್ಬರೇ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವುದನ್ನು ಕೇಳಿದ್ದೆವು; ಹಾವು ಕಟ್ಟಿಸಿದ ಹುತ್ತಕ್ಕೆ ಗೆದ್ದಲು ಸೇರಿದ್ದು ಇದೇ ಮೊದಲು.

ಔಷಧಿಯವರಿಗಿಂತ ಮೊದಲು ನಾಗರ ಪಂಚಮಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ, ಕಂಬದ ಬುಡದಲ್ಲಿ ಗೆದ್ದಲು ಎತ್ತಿದ್ದ ಮೊಣಕಾಲೆತ್ತರದ ಮಣ್ಣಿಗೆ ಅರಿಸಿನ, ಕುಂಕುಮ, ಹಸಿ ದಾರ. ಎರೆದ ಹಾಲು ಸಿಮೆಂಟಿನ ಮೇಲೆ ಹರಿದು ಚರಂಡಿ ಸೇರಿತ್ತು. ಬಸ್ಸಿಗೆ ಬಂದವರು ಚಪ್ಪಲಿ ಬಿಟ್ಟು, ಕೈ ಮುಗಿದು, ತುಂತುರು ಮಳೆಯಲ್ಲಿ ಹೊರಗೆ ನಿಂತಿದ್ದರು.